ಜಪಾನಿನ ಸಣ್ಣ ದೆವ್ವದ ಕಥೆಗಳ ಸಿನಿಮಾ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದವರಿಗೆ

ನೀವು ಕೇಳಿದ್ದು ಇಷ್ಟು: ಜಪಾನಿನ ದೆವ್ವದ ಸಿನಿಮಾ ರಿಂಗು ನೋಡಿದ್ದೀರಿ, ಹಾಲಿವುಡ್‌ನ ದಿ ಗ್ರಡ್ಜ್ ನೋಡಿ ಸ್ವಲ್ಪ ಗೊಂದಲವಾಗಿದೆ. ಈಗ ಒಂದೇ ಸಿನಿಮಾದಲ್ಲಿ ನಾಲ್ಕೈದು ದೆವ್ವದ ಕಥೆ ಇರುವ ಜಪಾನಿ ಚಿತ್ರಗಳು ಬೇಕು, ರಕ್ತ ಜಾಸ್ತಿ ಇರಬಾರದು, ಊಟ ಆದಮೇಲೆ ಮನೆಯವರ, ಮಕ್ಕಳ ಜೊತೆ ನೋಡುವಂತಿರಬೇಕು. ಗುಂಪಿನಲ್ಲಿ ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು 'ಕ್ವೈದಾನ್ ನೋಡಿ' ಅಂತ ಒಂದೇ ಸಾಲು ಬರೆದು ಹೋಗಿದ್ದಾರೆ. ಸಲಹೆ ಸರಿಯಾಗೇ ಇದೆ. ಆದರೆ ಸುಮ್ನೆ ಹಾಕಿಕೊಂಡು ಕೂತರೆ ಅರ್ಧ ಗಂಟೆಯೊಳಗೆ ಮನೆಯವರೆಲ್ಲ ಮೊಬೈಲ್ ಹಿಡಿಯುತ್ತಾರೆ, ಆಮೇಲೆ ನೀವೂ ಆ ಕಡೆ ತಲೆ ಹಾಕುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ನಿಯಮ. ಒಂದು ರಾತ್ರಿಗೆ ಒಂದು ಕಥೆ ಸಾಕು. ಕ್ವೈದಾನ್ ಪೂರ್ತಿ ಮೂರು ಗಂಟೆ, ಅಂದರೆ 183 ನಿಮಿಷ. ಅದರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕಥೆಗಳಿವೆ. ಒಂದು ಕಥೆಯ ಭಯ ಮನಸ್ಸಿಗೆ ಇಳಿಯುವ ಮುಂಚೆಯೇ ಇನ್ನೊಂದು ಶುರುವಾದರೆ ಎರಡೂ ಕೆಡುತ್ತವೆ. ಜಪಾನಿನವರೇ ಒಂದು ಕಾಲದಲ್ಲಿ ರಾತ್ರಿಯೆಲ್ಲ ಕೂತು ನೂರು ಕಥೆ ಹೇಳುತ್ತಿದ್ದರಲ್ಲ ಅಂತ ಯಾರಾದರೂ ಕೇಳಬಹುದು. ಹೌದು, ಎದೋ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ಅಂಥ ಕೂಟ ಇತ್ತು. ನೂರು ದೀಪ ಹಚ್ಚಿಟ್ಟು, ಒಂದು ಕಥೆ ಮುಗಿದಾಗ ಒಂದು ದೀಪ ಆರಿಸುತ್ತಾ ಹೋಗುವುದು, ಕೊನೆಯ ದೀಪ ಆರಿದರೆ ನಿಜವಾದದ್ದೇ ಬಂದು ನಿಲ್ಲುತ್ತದೆ ಅನ್ನುವ ನಂಬಿಕೆಯಿಂದ ಎಷ್ಟೋ ಜನ 99ಕ್ಕೇ ನಿಲ್ಲಿಸಿಬಿಡುವುದು. ಆದರೆ ಅವು ಬಾಯಲ್ಲಿ ಹೇಳಿ ಮುಗಿಸುವ ಪುಟ್ಟ ಕಥೆಗಳು. ಕ್ವೈದಾನ್ ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ.

ಇನ್ನು ಕ್ವೈದಾನ್ ವಿಷಯ. 1964ರ ಚಿತ್ರ, ನಿರ್ದೇಶಕ ಮಸಾಕಿ ಕೊಬಯಾಶಿ. ಮುಂದಿನ ವರ್ಷ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಪಡೆಯಿತು. ಕಥೆಗಳು ಲಾಫ್ಕಾಡಿಯೋ ಹರ್ನ್ ಬರೆದವು. ಗ್ರೀಸಿನ ದ್ವೀಪವೊಂದರಲ್ಲಿ ಹುಟ್ಟಿ, ಅಮೆರಿಕದಲ್ಲಿ ಪತ್ರಕರ್ತನಾಗಿದ್ದು, 1890ರಲ್ಲಿ ಜಪಾನಿಗೆ ಬಂದು ಅಲ್ಲಿಯವನೇ ಆಗಿಹೋದ ಮನುಷ್ಯ. ಹೆಂಡತಿ ಸೆತ್ಸು ಹೇಳಿದ ಎಷ್ಟೋ ಹಳೇ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದ. ಆ ಹೇಳುವ ದನಿ ಸಿನಿಮಾದಲ್ಲೂ ಉಳಿದಿದೆ. ಅದಕ್ಕೇ ಇದು ನಿಧಾನ, ನಿರೂಪಕನ ಮಾತೂ ಇದೆ.

ನನ್ನ ಸಲಹೆ ಏನೆಂದರೆ ಮೊದಲನೇ ಕಥೆಯಿಂದ ಶುರು ಮಾಡಬೇಡಿ. ನೇರ ಮೂರನೆಯದಕ್ಕೆ ಹೋಗಿ, ಕಿವಿಯಿಲ್ಲದ ಹೋಯಿಚಿ. ಒಂದು ಗಂಟೆಗೂ ಜಾಸ್ತಿ ಇದೆ, ಆದರೂ ಕೂತವರು ಏಳುವುದಿಲ್ಲ. 1185ರಲ್ಲಿ ದಾನ್-ನೊ-ಉರದ ಸಮುದ್ರದಲ್ಲಿ ಹೈಕೆ ಮತ್ತು ಗೆಂಜಿ ವಂಶಗಳ ನಡುವೆ ಕೊನೆಯ ಯುದ್ಧ ಆಯಿತು. ಸೋತ ಹೈಕೆಯವರು ತಮ್ಮ ಪುಟ್ಟ ಚಕ್ರವರ್ತಿಯ ಸಮೇತ ನೀರಿಗೆ ಹಾರಿದರು. ಇದು ಇತಿಹಾಸ. ಎಷ್ಟೋ ನೂರು ವರ್ಷ ಆದಮೇಲೆ, ಆ ದಡದ ದೇವಾಲಯದಲ್ಲಿರುವ ಒಬ್ಬ ಕುರುಡ ಹುಡುಗ ಬಿವಾ ಅನ್ನುವ ತಂತಿವಾದ್ಯ ನುಡಿಸುತ್ತಾ ಅದೇ ಯುದ್ಧದ ಹಾಡು ಹೇಳುತ್ತಾನೆ. ಒಂದು ರಾತ್ರಿ ಒಬ್ಬ ಯೋಧ ಬಂದು, ನಮ್ಮ ಒಡೆಯರ ಮುಂದೆ ಹಾಡು ಬಾ ಅಂತ ಕರೆದುಕೊಂಡು ಹೋಗುತ್ತಾನೆ. ಕೇಳುವವರು ಯಾರು ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಕೊನೆಯಲ್ಲಿ ಏನಾಗುತ್ತದೆ ಅನ್ನುವುದು ಹೆಸರಲ್ಲೇ ಇದೆ, ಆದರೂ ಮೈಮೇಲೆಲ್ಲ ಮಂತ್ರ ಬರೆಯುವ ದೃಶ್ಯದಲ್ಲಿ ಕುಂಚ ಎಲ್ಲೆಲ್ಲಿ ಹೋಗುತ್ತಿದೆ ಅಂತ ನೀವೇ ಪರೀಕ್ಷೆ ಮಾಡುತ್ತಾ ಕೂರುತ್ತೀರಿ. ಸತ್ತವರು ಕೂಡ ಇಲ್ಲಿ ಕೆಟ್ಟವರಲ್ಲ, ತಮ್ಮ ಸೋಲಿನ ಕಥೆಯನ್ನೇ ಮತ್ತೆ ಮತ್ತೆ ಕೇಳಬೇಕು ಅನ್ನುವವರು. ನನಗೆ ಅದೇ ಎಲ್ಲಕ್ಕಿಂತ ಭಯ ಹುಟ್ಟಿಸುವುದು.

ಆಮೇಲೆ ಎರಡನೇ ರಾತ್ರಿ ಹಿಮದ ಹೆಂಗಸು. ಆಕಾಶವನ್ನು ಬಟ್ಟೆಯ ಮೇಲೆ ಬಿಡಿಸಿ, ಅದರಲ್ಲಿ ದೊಡ್ಡ ದೊಡ್ಡ ಕಣ್ಣು ಬರೆದಿದ್ದಾರೆ. ಸೆಟ್ ಅಂತ ಎದ್ದು ಕಾಣುತ್ತದೆ. ಮಕ್ಕಳು ನಕ್ಕರೆ ನಗಲಿ ಬಿಡಿ. ನಿಜದ ಕಾಡು ತೋರಿಸಿದ್ದರೆ ಆ ಕಣ್ಣುಗಳಿಗೆ ಜಾಗವೇ ಇರುತ್ತಿರಲಿಲ್ಲ.

ಮೂರನೇ ರಾತ್ರಿ ಕಪ್ಪು ಕೂದಲು, ಅಂದರೆ ಸಿನಿಮಾದ ಮೊದಲ ಕಥೆ. ಬಡತನ ತಾಳದೆ ಹೆಂಡತಿಯನ್ನು ಬಿಟ್ಟು ಹೋದ ಸಮುರಾಯ್ ವರ್ಷಗಟ್ಟಲೆ ಆದಮೇಲೆ ಹಿಂದಿರುಗುತ್ತಾನೆ. ಕಥೆಯ ಜಾಡು ನಿಮಗೆ ಮೊದಲೇ ಹೊಳೆಯುತ್ತದೆ. ಇದನ್ನು ಕಿವಿಗೋಸ್ಕರ ನೋಡಿ. ತೋರು ತಕೆಮಿತ್ಸು ಅವರ ಸಂಗೀತ ಅಂತ ಹೇಳುತ್ತಾರೆ, ಆದರೆ ಅಲ್ಲಿ ಇರುವುದು ಮರ ಸೀಳುವ ಸದ್ದು, ಅದೂ ಕಣ್ಣಿಗೆ ಕಾಣುವುದಕ್ಕೂ ಕಿವಿಗೆ ಬೀಳುವುದಕ್ಕೂ ತಾಳೆಯಾಗದ ಹಾಗೆ. ಹಲಗೆ ಮುರಿಯುತ್ತದೆ, ಸದ್ದೇ ಇಲ್ಲ. ಸದ್ದು ಬರುತ್ತದೆ, ಆಗ ಏನೂ ಮುರಿಯುತ್ತಿಲ್ಲ. ಟಿವಿಯ ಸ್ಪೀಕರಿನಲ್ಲಿ ಇದು ಅರ್ಧ ಹೋಗಿಬಿಡುತ್ತದೆ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಫ್ಯಾನ್ ಆದರೂ ಆರಿಸಿ.

ನಾಲ್ಕನೆಯದು ಚಹಾ ಬಟ್ಟಲಿನದು. ಒಬ್ಬ ಕಾವಲಿನವನಿಗೆ ಬಟ್ಟಲಿನಲ್ಲಿ ಯಾರದೋ ಮುಖ ಕಾಣುತ್ತದೆ, ಅವನು ಅದನ್ನು ಕುಡಿದೇ ಬಿಡುತ್ತಾನೆ. ಎಲ್ಲಕ್ಕಿಂತ ಚಿಕ್ಕ ಕಥೆ. ಒಳಗಿನ ಕಥೆ ಮಧ್ಯದಲ್ಲೇ ನಿಲ್ಲುತ್ತದೆ. ಫೈಲ್ ಹಾಳಾಗಿದೆ ಅಂದುಕೊಳ್ಳಬೇಡಿ, ಹರ್ನ್ ಬರೆದದ್ದೂ ಹಾಗೇ ನಿಂತಿದೆ.

ಬಾಡಿಗೆ ಕೊಡುವ ಮುಂಚೆ ಅವಧಿ ನೋಡಿಕೊಳ್ಳಿ. ಅಮೆರಿಕದಲ್ಲಿ ಮೊದಲು ಬಿಡುಗಡೆಯಾದಾಗ ಹಿಮದ ಹೆಂಗಸಿನ ಕಥೆಯನ್ನೇ ಕಿತ್ತು ಹಾಕಿದ್ದರು. ಕಡಿತಗೊಂಡ ಪ್ರತಿಗಳು ಈಗಲೂ ಅಲ್ಲಲ್ಲಿ ತೇಲುತ್ತಿವೆ. 183 ನಿಮಿಷಕ್ಕೆ ಹತ್ತಿರ ಇದ್ದರೆ ಸರಿ. ಹುಡುಕುವಾಗ ನಿರ್ದೇಶಕನ ಹೆಸರು ಮತ್ತು ವರ್ಷ ಎರಡನ್ನೂ ಹಾಕಿ, ಇದೇ ಹೆಸರಿನ ಬೇರೆ ಸಿನಿಮಾಗಳೂ ಇವೆ.

ಈಗ ನಿಮ್ಮ ಗ್ರಡ್ಜ್ ಗೊಂದಲಕ್ಕೆ ಬರುತ್ತೇನೆ. ಯಾರು ಮೊದಲು ಸತ್ತರು, ಯಾರು ಆಮೇಲೆ ಅಂತ ತಿಳಿಯಲಿಲ್ಲ ಅಂದಿರಿ. ಕಾರಣ ಇದೆ. ಅದು ಹುಟ್ಟಿದ್ದೇ ಬಿಡಿ ಬಿಡಿ ತುಂಡುಗಳಲ್ಲಿ. 1998ರಲ್ಲಿ ಶಾಲೆಯ ದೆವ್ವದ ಕಥೆಗಳ ಒಂದು ಟಿವಿ ಕಾರ್ಯಕ್ರಮಕ್ಕೆ ತಕಾಶಿ ಶಿಮಿಜು ಎರಡು ಪುಟಾಣಿ ಚಿತ್ರ ಮಾಡಿಕೊಟ್ಟರು, ಕೆಲವೇ ನಿಮಿಷದವು. ಒಂದರಲ್ಲಿ ಶಾಲೆಯ ಮೊಲದ ಗೂಡು, ಇನ್ನೊಂದರಲ್ಲಿ ಬರೀ 4ರ ಅಂಕಿಗಳ ನಂಬರಿನಿಂದ ಬರುವ ಫೋನು. ಗ್ರಡ್ಜ್ ದೆವ್ವಗಳಾದ ಕಯಾಕೊ ಮತ್ತು ಆಕೆಯ ಮಗ ತೊಶಿಯೊ ಮೊದಲು ಕಾಣಿಸಿಕೊಂಡದ್ದು ಅಲ್ಲೇ. 2000ದಲ್ಲಿ ಅವೇ ದೆವ್ವಗಳನ್ನಿಟ್ಟು ವಿಡಿಯೊಗೆಂದೇ ತೆಗೆದ ಜು-ಆನ್ ಬಂತು. ಅದರಲ್ಲಿ ಒಂದೊಂದು ಅಧ್ಯಾಯಕ್ಕೂ ಒಬ್ಬೊಬ್ಬರ ಹೆಸರು: ತೊಶಿಯೊ, ಯುಕಿ, ಮಿಜುಹೊ, ಹೀಗೆ. ಕಾಲ ಹಿಂದೆ ಮುಂದೆ ಆಗುತ್ತಿರುತ್ತದೆ. ಒಂದೇ ಮನೆಯ ಮೇಲೆ ಕಟ್ಟಿದ ಸಣ್ಣ ಕಥೆಗಳ ಗುಚ್ಛ ಅಂದುಕೊಂಡು ನೋಡಿ, ತಲೆನೋವು ಅರ್ಧ ಕಡಿಮೆಯಾಗುತ್ತದೆ. ನೀವು ನೋಡಿದ ಹಾಲಿವುಡ್ ಚಿತ್ರವೂ ಶಿಮಿಜು ಅವರದೇ, 2004ರದು. ಆದರೆ ಜಪಾನಿನ ಮೂಲವನ್ನೇ ನೋಡಿ ಅನ್ನುತ್ತೇನೆ. ಒಂದು ಎಚ್ಚರಿಕೆ, ವಿಡಿಯೊ ಜು-ಆನ್‌ನಲ್ಲಿ ದವಡೆಯ ದೃಶ್ಯ ಒಂದಿದೆ, ಮಕ್ಕಳ ಮುಂದೆ ಬೇಡ.

ಇದಕ್ಕೂ ಹಿಂದೆ 1991-92ರಲ್ಲಿ ನೊರಿಯೊ ತ್ಸುರುತ ಮಾಡಿದ ವಿಡಿಯೊಗಳಿವೆ, ಹೊಂತೊ ನಿ ಅತ್ತ ಕೊವಾಯ್ ಹನಾಶಿ ಅಂತ. ಜನರು ತಮಗಾದ ಅನುಭವ ಅಂತ ಹೇಳಿದ ಕಥೆಗಳು. ಬಜೆಟ್ ಇಲ್ಲ, ಚಿತ್ರ ಮಸುಕು, ನಟನೆ ಅಷ್ಟಕ್ಕಷ್ಟೆ. ಆದರೂ ನೋಡಿ, ಯಾಕೆಂದರೆ ರಿಂಗುವಿನಲ್ಲಿ ನೀವು ಹೆದರಿದ ರೀತಿಯ ಬೇರು ಇಲ್ಲಿದೆ. ದೆವ್ವ ಮೈಮೇಲೆ ಹಾರುವುದಿಲ್ಲ. ದೂರದಲ್ಲಿ, ಚೌಕಟ್ಟಿನ ಒಂದು ಮೂಲೆಯಲ್ಲಿ, ಮುಖ ಸರಿಯಾಗಿ ಕಾಣದ ಹಾಗೆ ಸುಮ್ಮನೆ ನಿಂತಿರುತ್ತದೆ, ಪಾತ್ರಗಳಿಗಿಂತ ಮೊದಲು ನಿಮಗೇ ಕಾಣುತ್ತದೆ. ಗುಂಪಿನಲ್ಲಿ ಪ್ರತಿ ಸಲ ಯಾರಾದರೂ 'ಏನೂ ಆಗಲೇ ಇಲ್ಲ' ಅಂತ ಬರೆಯುತ್ತಾರಲ್ಲ, ಅವರಲ್ಲಿ ಮುಕ್ಕಾಲು ಜನ ಮೊಬೈಲಿನಲ್ಲಿ, ಬಸ್ಸಿನಲ್ಲಿ, ಬೆಳಕಿನಲ್ಲಿ ನೋಡಿದವರು ಅಂತ ನನ್ನ ಗುಮಾನಿ. ಮೂಲೆಯೇ ಕಾಣದಿದ್ದರೆ ಭಯ ಎಲ್ಲಿಂದ ಬರಬೇಕು?

ಐದು ನಿಮಿಷಕ್ಕಿಂತ ಜಾಸ್ತಿ ಯಾರೂ ಕೂರುವುದಿಲ್ಲ ಅಂದರೆ ಕೈದಾನ್ ಶಿನ್ ಮಿಮಿಬುಕುರೊ ಅನ್ನುವ ಟಿವಿ ಸರಣಿ ಹುಡುಕಿ, 2003ರಲ್ಲಿ ಶುರುವಾದದ್ದು. ಹಿರೊಕಾತ್ಸು ಕಿಹಾರ ಮತ್ತು ಇಚಿರೊ ನಕಯಾಮ ಜನರಿಂದ ಕೇಳಿ ಸಂಗ್ರಹಿಸಿದ ಕಥೆಗಳು. ಅವರ ಪುಸ್ತಕಗಳಲ್ಲೂ ಸಂಪುಟಕ್ಕೆ 99 ಕಥೆ ಮಾತ್ರ, ನೂರನೆಯದನ್ನು ಬೇಕಂತಲೇ ಬಿಟ್ಟಿದ್ದಾರೆ. ಗುಣಮಟ್ಟ ಏರುಪೇರು. ಕೆಲವು ತೀರಾ ಸಪ್ಪೆ, ಬೇಜಾರಾದರೆ ಮುಂದಿನದಕ್ಕೆ ಹೋಗಿ, ಕಳೆದುಕೊಳ್ಳುವುದು ಐದೇ ನಿಮಿಷ.

ಮಕ್ಕಳೂ ಇದ್ದಾರೆ ಅಂದಿರಲ್ಲ, ಅವರಿಗೆ 2000ದ ಟೇಲ್ಸ್ ಆಫ್ ದಿ ಅನ್‌ಯೂಶುವಲ್. 1990ರಿಂದ ಬರುತ್ತಿರುವ ಟಿವಿ ಸರಣಿಯ ಸಿನಿಮಾ ರೂಪ, ನಾಲ್ಕು ಕಥೆ. ಮಳೆಗೆ ಸಿಕ್ಕಿ ರೈಲು ನಿಲ್ದಾಣದಲ್ಲಿ ಕೂತವರಿಗೆ ಕಪ್ಪು ಕನ್ನಡಕದ ಟಿವಿ ನಿರೂಪಕ ತಮೊರಿ ಕಥೆ ಹೇಳುತ್ತಾರೆ. ಜಪಾನಿನ ಹಳೇ ಕಥೆಯ, ಒಡೆಯನಿಲ್ಲದ ಸಮುರಾಯ್‌ಗಳಾದ 47 ರೋನಿನ್‌ಗಳ ನಾಯಕ ಓಯಿಶಿಯ ಕೈಗೆ ಮೊಬೈಲ್ ಫೋನ್ ಸಿಗುವ ಕಥೆ ನಗು ತರಿಸುತ್ತದೆ. ಆದರೆ ಹಿಮದಲ್ಲಿ ಸಿಕ್ಕಿಬಿದ್ದವರ ಕಥೆ ನಿಜಕ್ಕೂ ಗಟ್ಟಿ, ಅದನ್ನು ಮಕ್ಕಳು ಮಲಗಿದ ಮೇಲೆ ಇಟ್ಟುಕೊಳ್ಳಿ. 2004ರ ಡಾರ್ಕ್ ಟೇಲ್ಸ್ ಆಫ್ ಜಪಾನ್ ಕೂಡ ಟಿವಿಗೆ ಮಾಡಿದ್ದೇ, ಐದು ನಿರ್ದೇಶಕರು, ಐದು ಕಥೆ. ಅದರಲ್ಲಿ ಶಿಮಿಜು ಅವರದು ಹಾಲಿವುಡ್ ರೀಮೇಕುಗಳ ಹುಚ್ಚನ್ನೇ ಗೇಲಿ ಮಾಡುತ್ತದೆ. ತ್ಸುರುತ ಅವರದು ಗೋಡೆ ಬಾಗಿಲುಗಳ ಸಂದುಗಳ ಬಗ್ಗೆ. ಅದನ್ನು ಮಾತ್ರ ಬಿಡಬೇಡಿ.

ಇನ್ನು ಕೆಲವರು ತ್ರೀ ಎಕ್ಸ್‌ಟ್ರೀಮ್ಸ್ ಅನ್ನೂ ಪಟ್ಟಿಗೆ ಸೇರಿಸುತ್ತಾರೆ. ಅದು ಪೂರ್ತಿ ಜಪಾನಿನದಲ್ಲ. ಮೂರರಲ್ಲಿ ತಕಾಶಿ ಮೀಕೆ ಮಾಡಿದ ಬಾಕ್ಸ್ ಮಾತ್ರ ಜಪಾನಿದು, ಉಳಿದ ಎರಡು ಹಾಂಗ್‌ಕಾಂಗ್ ಮತ್ತು ಕೊರಿಯಾದವು. ಬಾಕ್ಸ್ ಒಂದನ್ನು ನೋಡಿ ನಿಲ್ಲಿಸಬಹುದು. ಹಾಂಗ್‌ಕಾಂಗಿನ ಡಂಪ್ಲಿಂಗ್ಸ್ ನೋಡಲೇಬೇಕು ಅಂತಿದ್ದರೆ ಒಬ್ಬರೇ ನೋಡಿ. ಊಟ ಆದಮೇಲೆ ಅಂತೂ ಬೇಡವೇ ಬೇಡ.