ಬರಗಾಲದ ವರ್ಷ ಬ್ಯಾಟ್ ಹಿಡಿದಿದ್ದು ತಪ್ಪೇ?

ಹಾವೇರಿಯಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ವಿಜಯ್ ಹಜಾರೆಯವರ 1943ರ 309 ರನ್ನುಗಳನ್ನು ಹಾಡಿ ಹೊಗಳಿದ್ದೀರಿ. ಆ ವರ್ಷ ಬಂಗಾಳದಲ್ಲಿ ಜನ ಗಂಜಿಯಿಲ್ಲದೆ ಸಾಯುತ್ತಿದ್ದರು. ಗಾಂಧೀಜಿ ಸೆರೆಯಲ್ಲಿದ್ದರು. ಹೊರಗೆ ಮಹಾಯುದ್ಧ. ಆಗ ಬೊಂಬಾಯಿಯಲ್ಲಿ ಕ್ರಿಕೆಟ್ ನೋಡುತ್ತಾ ಕೂತವರನ್ನು ಮೆಚ್ಚುವುದು ಸರಿಯೇ?”

ಮೇಷ್ಟ್ರೇ, ನಿಮ್ಮ ಸಿಟ್ಟಿಗೆ ಕಾರಣ ಇದೆ. ಬಂಗಾಳದಲ್ಲಿ ಸತ್ತವರು 15 ಲಕ್ಷ ಎಂದು ಆಗಿನ ಸರ್ಕಾರಿ ಆಯೋಗವೇ ಹೇಳಿತ್ತು. ಅದರ ದುಪ್ಪಟ್ಟು ಎನ್ನುವವರೂ ಇದ್ದಾರೆ. ಅದರ ಮುಂದೆ ಯಾವ ರನ್ನೂ ದೊಡ್ಡದಲ್ಲ.

ಆದರೆ ಆಟ ನಿಲ್ಲಿಸಿದ್ದರೆ ಒಂದು ಹಿಡಿ ಅಕ್ಕಿಯಾದರೂ ಜಾಸ್ತಿ ಕಲ್ಕತ್ತಾ ಸೇರುತ್ತಿತ್ತೇ? ಬರ್ಮಾ ಜಪಾನಿನ ಪಾಲಾಗಿ ಅಲ್ಲಿನ ಅಕ್ಕಿ ನಿಂತಿತ್ತು. ಬಂಗಾಳದ ಕರಾವಳಿಯ ದೋಣಿಗಳನ್ನು ಸರ್ಕಾರವೇ ಕಿತ್ತುಕೊಂಡಿತ್ತು. ಬೆಲೆ ಗಗನಕ್ಕೇರುವಾಗ ಆಳುವವರು ಕೈಕಟ್ಟಿ ಕೂತಿದ್ದರು. ಅವರ ಪಾಪವನ್ನು ಬ್ರೆಬೋರ್ನ್ ಮೈದಾನಕ್ಕೆ ಹೋದ ಗುಮಾಸ್ತನ ತಲೆಗೆ ಕಟ್ಟಬೇಡಿ. ರೇಷನ್ ಸಾಲಿನಲ್ಲಿ ನಿಂತವನೇ ಆತ.

ಅವನು ನೋಡಿದ್ದಾದರೂ ಏನು? ಪೆಂಟಾಂಗ್ಯುಲರ್ ಫೈನಲ್, ಅಂದರೆ ಧರ್ಮ, ಸಮುದಾಯದ ಹೆಸರಲ್ಲಿ ಕಟ್ಟಿದ ಐದು ತಂಡಗಳ ಟೂರ್ನಿಯ ಕೊನೆಯ ಪಂದ್ಯ. ಹಿಂದೂ ತಂಡ 5 ವಿಕೆಟ್‌ಗೆ 581, ಅದರಲ್ಲಿ ವಿಜಯ್ ಮರ್ಚೆಂಟ್ ಔಟಾಗದೆ 250. ಹಜಾರೆ ಇದ್ದ ರೆಸ್ಟ್ (ಉಳಿದವರ) ತಂಡ ಮೊದಲ ಸಲ 133ಕ್ಕೇ ಮುಗಿಯಿತು. ಎರಡನೇ ಸಲ ಐದು ವಿಕೆಟ್ ಬಿದ್ದ ಮೇಲೆ ಹಜಾರೆ ಜೊತೆಗೆ ಅವರ ತಮ್ಮ ವಿವೇಕ್ ನಿಂತರು. ಇಬ್ಬರ ಜೊತೆಯಾಟ 300 ರನ್. ವಿವೇಕ್ ಪಾಲು ಬರೀ 21! ಆ ಹುಡುಗ ಒಂದು ತುದಿ ಕಾಯ್ದುಕೊಂಡು ನಿಂತ, ಅಣ್ಣ ಹೊಡೆಯುತ್ತಾ ಹೋದರು. ತಂಡ ಗಳಿಸಿದ 387ರಲ್ಲಿ 309 ಅವರದೇ. ಆದರೂ ಇನಿಂಗ್ಸ್ ಮತ್ತು 61 ರನ್‌ಗಳಿಂದ ಸೋತರು. ಸೋಲು ಗೊತ್ತಿದ್ದೂ ಹೀಗೆ ಆಡಿದವರನ್ನು ನಾನು ಇನ್ನು ಹತ್ತು ಸಲ ಹೊಗಳುತ್ತೇನೆ.

ನೀವು ಗಾಂಧೀಜಿಯ ಹೆಸರು ತಂದಿರಿ. 1940ರ ಡಿಸೆಂಬರಿನಲ್ಲಿ ಬೊಂಬಾಯಿಯ ಹಿಂದೂ ಜಿಮ್ಖಾನಾ ಎಂಬ ಕ್ರೀಡಾ ಕ್ಲಬ್ಬಿನವರು ವಾರ್ಧಾಕ್ಕೆ ಹೋಗಿ ಈ ಟೂರ್ನಿಯ ಬಗ್ಗೆ ಅವರನ್ನೇ ಕೇಳಿದ್ದರು. ಯುದ್ಧದ ಹೊತ್ತಲ್ಲಿ ಇದು ಬೇಡ ಎನ್ನುವವರ ಪರವೇ ಅವರು ನಿಂತರು, ನಿಜ. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಕಾಲೇಜುಗಳು ಆಡಲಿ, ಸಂಸ್ಥೆಗಳು ಆಡಲಿ, ಧರ್ಮಕ್ಕೊಂದು ತಂಡ ಯಾಕೆ ಎಂದು ಕೇಳಿದರು. ಈ ಪ್ರಶ್ನೆ ನಿಮ್ಮ ಪತ್ರದಲ್ಲಿ ಇಲ್ಲವಲ್ಲ, ಮೇಷ್ಟ್ರೇ! ಸಾಂಗ್ಲಿಯ ಕ್ರೈಸ್ತ ಕುಟುಂಬದ ಹಜಾರೆ ಹಿಂದೂ, ಮುಸ್ಲಿಂ, ಪಾರ್ಸಿ ತಂಡಗಳಿಗೆ ಸೇರದ ಕಾರಣಕ್ಕೇ ರೆಸ್ಟ್ ತಂಡದಲ್ಲಿದ್ದರು. ನಾಚಿಕೆಪಡಬೇಕಾದದ್ದು ಇದಕ್ಕೆ. 1946ರಲ್ಲಿ ಆ ಟೂರ್ನಿ ನಿಂತಿದ್ದು ಒಳ್ಳೆಯದೇ ಆಯಿತು.

ಊರು, ಪ್ರಾಂತ್ಯದ ಹೆಸರಲ್ಲಿ ಎಲ್ಲರೂ ಕೂಡಿ ಆಡುವ ರಣಜಿ ಟ್ರೋಫಿ ಆಗಲೂ ಇತ್ತು. ಇಂಗ್ಲೆಂಡಿನಲ್ಲಿ ಕೌಂಟಿ ಚಾಂಪಿಯನ್‌ಶಿಪ್ 1940ರಿಂದ 1945ರವರೆಗೆ ನಡೆಯಲೇ ಇಲ್ಲ. ರಣಜಿ ಯುದ್ಧದ ಒಂದು ವರ್ಷವೂ ತಪ್ಪಲಿಲ್ಲ. ಸಿಂಗಪುರ ಜಪಾನಿನ ಕೈಗೆ ಬಿದ್ದ 1941-42ರ ಸೀಸನ್ನಿನಲ್ಲಿ ನಮ್ಮ ಮೈಸೂರು ತಂಡ ಫೈನಲ್ ತಲುಪಿತ್ತು. ಬಾಂಬೆ ಎದುರು ಇನಿಂಗ್ಸ್ ಮತ್ತು 281 ರನ್‌ಗಳ ಸೋಲು. ಸೋತಿದ್ದಕ್ಕೇ ಇರಬೇಕು, ಆ ತಂಡವನ್ನು ನೆನೆಯುವವರೇ ಇಲ್ಲ.

ಇಂದಿಗೂ ಅದೇ ಕಥೆ. ಐಪಿಎಲ್ ಟಿಕೆಟ್‌ಗೆ ಸಾವಿರಗಟ್ಟಲೆ ಸುರಿಯುವ ಊರು ರಣಜಿ ದಿನ ಮೈದಾನದ ಕಡೆ ತಿರುಗಿಯೂ ನೋಡುವುದಿಲ್ಲ. ರಾಜ್ಯಕ್ಕಾಗಿ ನಾಲ್ಕು ದಿನ ಬಿಸಿಲಲ್ಲಿ ಬೆವರುವ ಹುಡುಗನ ಹೆಸರು ಕೇಳಿದರೆ ಅರ್ಧ ಜನಕ್ಕೆ ಗೊತ್ತಿರಲ್ಲ. ಪತ್ರಿಕೆಗಳೂ ಅವನಿಗೆ ಮೂಲೆಯಲ್ಲಿ ಎರಡು ಸಾಲು ಕೊಟ್ಟು ಸುಮ್ನಾಗುತ್ತವೆ. ಇದು ನನಗೆ ಸಹಿಸಲಾಗದ ವಿಷಯ. ನೀವು ಸಾವಿರಾರು ಮಕ್ಕಳಿಗೆ ಪಾಠ ಹೇಳಿದವರು, ನಿಮ್ಮ ಮಾತು ಊರಲ್ಲಿ ನಡೆಯುತ್ತದೆ ಅಲ್ವಾ? ಹುಬ್ಬಳ್ಳಿಯಲ್ಲಿ ಮುಂದಿನ ಸಲ ರಣಜಿ ಪಂದ್ಯ ನಡೆದಾಗ ನಾಲ್ಕು ಹುಡುಗರನ್ನು ಕಟ್ಟಿಕೊಂಡು ಹೋಗಿ ಬನ್ನಿ. ನೋಡಿದ್ದನ್ನು ಬರೆದು ಕಳಿಸಿ, ಪೂರ್ತಿ ಪ್ರಕಟಿಸುತ್ತೇನೆ.

- ಸಂ.