ತುರಹಳ್ಳಿ ಕಾಡಿನ ನಡಿಗೆ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಎಪ್ಪತ್ತರ ಸಮೀಪದ ತಾಯಿಯವರನ್ನೂ ಎಂಟು ವರ್ಷದ ಮಗನನ್ನೂ ಮಳೆಗಾಲದಲ್ಲಿ ಬೆಂಗಳೂರಿನ ದಕ್ಷಿಣದಲ್ಲಿರುವ ತುರಹಳ್ಳಿ ಕಾಡಿಗೆ ನಡಿಗೆಗೆ ಕರೆದೊಯ್ಯಬಹುದೇ ಎಂದು ಕೇಳಿದ್ದೀರಿ. ಕರೆದೊಯ್ಯಬಹುದು, ಆದರೆ ದಾರಿಯನ್ನು ಆರಿಸಿಕೊಳ್ಳಬೇಕು. ಅಲ್ಲಿರುವುದು ಲಾಲ್‌ಬಾಗಿನಂತೆ ಹಾಸುಗಲ್ಲು ಹಾಕಿದ ದಾರಿಗಳಲ್ಲ. ಮಣ್ಣಿನ ಕಾಲುದಾರಿಗಳು, ನಡುನಡುವೆ ಮೇಲೆದ್ದ ಬಂಡೆಗಳು. ಮಳೆ ಬಿದ್ದ ಮರುದಿನ ಈ ಬಂಡೆಗಳ ಮೇಲೆ ಪಾಚಿಯೂ ಸಣ್ಣ ಮರಳೂ ಸೇರಿ ಕಾಲು ಜಾರುತ್ತದೆಯಾದ್ದರಿಂದ, ತಾಯಿಯವರು ನೀಲಗಿರಿ ಮರಗಳ ನಡುವಿನ ಸಮತಟ್ಟಾದ ಅಗಲ ದಾರಿಯಲ್ಲೇ ಉಳಿಯುವುದು ಒಳ್ಳೆಯದು. ಗುಡ್ಡದ ನೆತ್ತಿಯ ಆಸೆಯನ್ನು ಬೇಸಿಗೆಗೆ ಬಿಡಿ. ಬಂಡೆ ಹತ್ತುವ ಅಭ್ಯಾಸಕ್ಕೆ ಬರುವವರನ್ನು ನೋಡಿ ಮಗ ಹಟ ಹಿಡಿಯುವುದು ಖಚಿತ, ಅದಕ್ಕೆ ಸಿದ್ಧರಾಗಿರಿ.

ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ. ಲಂಟಾನ ಪೊದೆಗಳಿಗೆ ಕೈ ಹಾಕದಂತೆ ಹುಡುಗನಿಗೆ ಹೇಳಿ, ಹಾವುಗಳಿರುವ ಜಾಗವದು. ಬೆಳಗ್ಗೆ ಬೇಗ ಹೋದರೆ ನವಿಲಿನ ಕೂಗಾದರೂ ಕೇಳೀತು. ಕನಕಪುರ ರಸ್ತೆಯಲ್ಲಿ ಮೆಟ್ರೊ ಹಸಿರು ಮಾರ್ಗದ, 2021ರಲ್ಲಿ ಆರಂಭವಾದ ವಜರಹಳ್ಳಿ ಅಥವಾ ತಲಘಟ್ಟಪುರ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯಬಹುದು. ಇದು ಅರಣ್ಯ ಇಲಾಖೆಯ ಪ್ರದೇಶವಾದ್ದರಿಂದ, ಪ್ರವೇಶದ ಸಮಯವನ್ನು ಮೊದಲೇ ವಿಚಾರಿಸಿಕೊಂಡು ಹೊರಡಿ. ನೀರನ್ನು ಮನೆಯಿಂದಲೇ ಒಯ್ಯಿರಿ.