ಅಡ್ಮಿನ್ ಪಾಸ್‌ವರ್ಡ್ ಇಲ್ಲದೇ ಪೈಥಾನ್ ಹಾಕ್ಕೊಳ್ಳೋದು ಹೇಗೆ?

(ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು, ಅದಕ್ಕೆ ಒಟ್ಟಿಗೇ ತಗೊಂಡಿದ್ದೇನೆ. ಕಮಾಂಡುಗಳನ್ನ ಕನ್ನಡದಲ್ಲಿ ಬರ್ದಿದೀನಿ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಮಾಡಿ.)

ಪ್ರಶ್ನೆ: ಸರ್, ನಾನು ಶಿರಸಿಯಲ್ಲಿ ಬಿಸಿಎ ಓದ್ತಿದ್ದೇನೆ, ಲ್ಯಾಪ್‌ಟಾಪಲ್ಲಿ ಉಬುಂಟು 24.04 (ಲಿನಕ್ಸ್) ಇದೆ. ಅಪ್ಪ ಡೈರಿಯಲ್ಲಿ ಬರೆದಿಟ್ಟ ಮಳೆ ಲೆಕ್ಕದ ಗ್ರಾಫ್ ಮಾಡೋಣ ಅಂತ ಪಿಪ್ ಇನ್‌ಸ್ಟಾಲ್ ಪಾಂಡಾಸ್ (ಪಿಪ್ ಅಂದ್ರೆ ಪೈಥಾನ್ ಲೈಬ್ರರಿಗಳನ್ನ ತಂದು ಹಾಕೋ ಕಮಾಂಡ್, ಪಾಂಡಾಸ್ ಅಂಕಿ-ಅಂಶದ ಪಟ್ಟಿ ನೋಡ್ಕೊಳ್ಳೋ ಲೈಬ್ರರಿ) ಕೊಟ್ರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಅಂತ ಎರರ್ ಬರ್ತದೆ. ಫ್ರೆಂಡ್ ಹೇಳ್ದ, ಕೊನೆಗೆ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಸೇರ್ಸು ಆಗ್ತದೆ ಅಂತ. ಸೇರಿಸ್ಲಾ?

ಉತ್ತರ: ಬೇಡ ತಂಗಿ. ಆ ಎರರ್ ನಿಮ್ಮನ್ನ ಕಾಯ್ಲಿಕ್ಕೇ ಇರೋದು. ಉಬುಂಟು ಜೊತೆ ಬಂದ ಪೈಥಾನ್ ನಿಮ್ಮ ಪ್ರಾಜೆಕ್ಟಿಗೆ ಅಂತ ಇಟ್ಟದ್ದಲ್ಲ, ಸಾಫ್ಟ್‌ವೇರ್ ಅಪ್‌ಡೇಟರ್, ಆಡ್ ಆಪ್ಟ್ ರೆಪಾಸಿಟರಿ ಇಂಥ ಸಿಸ್ಟಮ್ಮಿನ ಎಷ್ಟೋ ಕೆಲಸ ಅದರ ಮೇಲೇ ನಿಂತಿದಾವೆ, ಪಿಪ್ ಅಲ್ಲಿ ಹೋಗಿ ಒಂದು ಲೈಬ್ರರಿಯ ವರ್ಶನ್ ಬದಲಿಸಿದ್ರೆ ಅವುಗಳಲ್ಲಿ ಯಾವುದು ಯಾವಾಗ ಕೈ ಕೊಡ್ತದೆ ಅಂತ ಹೇಳೋಕಾಗಲ್ಲ. ಅದಕ್ಕೇ 2023ರಲ್ಲಿ ಡೆಬಿಯನ್ 12, ಉಬುಂಟು 23.04ರಿಂದ ಹೀಗೆ ತಡೆ ಹಾಕಿದ್ರು. ಅದಕ್ಕಿಂತ ಹಿಂದೆ ಈ ತಡೆ ಇರ್ಲಿಲ್ಲ, ನಾನು ಸುಡೋ ಪಿಪ್ (ಸುಡೋ ಅಂದ್ರೆ ಅಡ್ಮಿನ್ ಅಧಿಕಾರದಲ್ಲಿ ಓಡ್ಸು ಅಂತ) ಹೊಡೆದು ಅಪ್‌ಡೇಟರ್ ತೆರೀದೇ ಹೋಗಿ ಎರಡು ದಿನ ಒದ್ದಾಡಿ ಕೊನೆಗೆ ಪೂರ್ತಿ ಸಿಸ್ಟಮ್ಮನ್ನೇ ಮತ್ತೆ ಹಾಕಿದ್ದೆ, ಆ ಕಷ್ಟ ನಿಮಗೆ ಬರೋದು ಬೇಡ.

ನಿಮ್ಮ ಕಡೆ ತೋಟಕ್ಕೊಂದು ಸೊಪ್ಪಿನ ಬೆಟ್ಟ ಇರ್ತದಲ್ಲ, ಇನ್ನೊಬ್ಬರ ಬೆಟ್ಟಕ್ಕೆ ಹೋಗಿ ಸೊಪ್ಪು ಕಡಿಯೋ ಹಾಗಿಲ್ಲ. ಪ್ರಾಜೆಕ್ಟಿಗೂ ಹಾಗೇ ಒಂದೊಂದು ಜಾಗ ಬೇಕು, ಅದಕ್ಕೆ ವರ್ಚುವಲ್ ಎನ್ವಿರಾನ್‌ಮೆಂಟ್ ಅಂತಾರೆ. ಅದನ್ನ ಮಾಡೋಕೆ ನಾನು ಈಗ ಎಲ್ರಿಗೂ ಹೇಳೋದು ಯುವಿ (uv) ಅನ್ನೋ ಸಾಧನ. ಆಸ್ಟ್ರಲ್ ಅನ್ನೋ ಕಂಪನಿ 2024ರ ಫೆಬ್ರವರಿಯಲ್ಲಿ ಬಿಟ್ಟದ್ದು, ರಸ್ಟ್ ಭಾಷೆಯಲ್ಲಿ ಬರೆದದ್ದು, ಹಾಗಾಗಿ ಇದು ನಡೀಲಿಕ್ಕೆ ಮೊದಲೇ ಪೈಥಾನ್ ಇರ್ಬೇಕು ಅಂತಿಲ್ಲ, ಪೈಥಾನನ್ನೂ ಅದೇ ತಂದು ಹಾಕ್ಕೊಳ್ತದೆ.

ಯುವಿ ಹಾಕ್ಕೊಳ್ಳೋದು ಹೇಗೆ ಅಂತ ಮುಂದಿನ ಉತ್ತರದಲ್ಲಿದೆ, ಹಾಕ್ಕೊಂಡ ಮೇಲೆ ಮಾಡೋದಿಷ್ಟು. 'ಯುವಿ ಇನಿಟ್ ಮಳೆ' ಅಂತ ಕೊಡಿ, ಮಳೆ ಅನ್ನೋ ಫೋಲ್ಡರ್ ಆಗ್ತದೆ, ಸಿಡಿ ಮಾಡಿ ಅದರೊಳಗೆ ಹೋಗಿ. ಆಮೇಲೆ 'ಯುವಿ ಆಡ್ ಪಾಂಡಾಸ್ ಮ್ಯಾಟ್‌ಪ್ಲಾಟ್‌ಲಿಬ್' (ಎರಡನೇದು ಗ್ರಾಫ್ ಬಿಡಿಸೋ ಲೈಬ್ರರಿ). ಅಲ್ಲೇ ಡಾಟ್ ವೆನ್ವ್ (.venv) ಅಂತ ಒಂದು ಫೋಲ್ಡರ್ ಹುಟ್ಟಿ ಎಲ್ಲ ಅದರೊಳಗೆ ಕೂತ್ಕೊಳ್ತದೆ. ನಿಮ್ಮ ಫೈಲ್ ಓಡಿಸ್ಲಿಕ್ಕೆ ಬರೀ ಪೈಥಾನ್ ಅನ್ನೋ ಬದಲು 'ಯುವಿ ರನ್' ಅಂತ ಹಾಕಿ ಮುಂದೆ ಫೈಲ್ ಹೆಸರು ಕೊಡಿ, ಎನ್ವಿರಾನ್‌ಮೆಂಟನ್ನ ಬೇರೆಯಾಗಿ ಆಕ್ಟಿವೇಟ್ ಮಾಡೋ ತಲೆಬಿಸಿ ಇಲ್ಲ. ಯುವಿ ಡಾಟ್ ಲಾಕ್ ಅಂತ ಒಂದು ಫೈಲ್ ಬರ್ತದಲ್ಲ, ಅದನ್ನ ಅಳಿಸ್ಬೇಡಿ, ಯಾವ ಲೈಬ್ರರಿಯ ಯಾವ ವರ್ಶನ್ ಅಂತ ಪೂರ್ತಿ ಲೆಕ್ಕ ಅದರಲ್ಲೇ ಇರ್ತದೆ.

ಪ್ರಶ್ನೆ: ಕಾರವಾರದಲ್ಲಿ ಕಾಲೇಜು. ಲ್ಯಾಬಿನ ಕಂಪ್ಯೂಟರಿಗೆ ಅಡ್ಮಿನ್ ಪಾಸ್‌ವರ್ಡ್ ನಮಗೆ ಕೊಡಲ್ಲ, ಪ್ರಾಜೆಕ್ಟಿಗೆ ಪೈಥಾನ್ 3.11 ಬೇಕು, ಲ್ಯಾಬಲ್ಲಿರೋದು 3.10. ಹಾಕ್ಕೊಳ್ಳಬಹುದಾ? ಮತ್ತೆ ಇಂಟರ್ನೆಟ್ಟಿಂದ ಸ್ಕ್ರಿಪ್ಟ್ ತಂದು ಓಡಿಸೋದು ಸೇಫಾ?

ಉತ್ತರ: ಲ್ಯಾಬಿನ ಮೇಷ್ಟ್ರಿಗೆ ಒಂದು ಮಾತು ಹೇಳಿಯೇ ಹಾಕಿ. ಸುಡೋ ಬೇಕಾಗಲ್ಲ, ಯುವಿ ಕೂರೋದು ನಿಮ್ಮ ಹೋಮ್ ಫೋಲ್ಡರಿನೊಳಗೆ ಡಾಟ್ ಲೋಕಲ್, ಅದರೊಳಗೆ ಬಿನ್, ಅಲ್ಲಿ. ಸ್ಕ್ರಿಪ್ಟ್ ವಿಷಯ ಕೇಳಿದ್ದು ಬಹಳ ಒಳ್ಳೇದಾಯ್ತು. ಅವರು ಕೊಡೋ ಒಂದೇ ಸಾಲಿನ ಕಮಾಂಡ್ ಏನ್ಮಾಡ್ತದೆ ಅಂದ್ರೆ ಇನ್‌ಸ್ಟಾಲ್ ಡಾಟ್ ಎಸ್‌ಎಚ್ ಅನ್ನೋ ಫೈಲನ್ನ ತಂದು ಹಾಗೇ ಶೆಲ್ಲಿಗೆ (ಕಮಾಂಡುಗಳನ್ನ ಓಡಿಸೋ ಪ್ರೋಗ್ರಾಮಿಗೆ) ಕುಡಿಸ್ತದೆ, ನೀವು ನೋಡೋದ್ರೊಳಗೆ ಓಡಿ ಮುಗ್ದಿರ್ತದೆ. ನನ್ನ ರೂಢಿ ಬೇರೆ, ಆಸ್ಟ್ರಲ್‌ನ ಸ್ವಂತ ಸೈಟಿಂದಲೇ ಫೈಲ್ ಇಳಿಸ್ಕೊಂಡು, 'ಲೆಸ್' ಕೊಟ್ಟು ಒಂದ್ಸಲ ಕಣ್ಣಾಡಿಸಿ, ಎಲ್ಲಿಂದ ಏನು ತರ್ತಿದೆ, ಎಲ್ಲಿ ಬರೀತಿದೆ ನೋಡ್ಕೊಂಡು ಆಮೇಲೆ 'ಎಸ್‌ಎಚ್ ಇನ್‌ಸ್ಟಾಲ್ ಡಾಟ್ ಎಸ್‌ಎಚ್' ಕೊಡೋದು. ಫೈಲ್ ಇಳಿಸೋ ಕಮಾಂಡ್ ಕರ್ಲ್ (curl) ಇಲ್ಲ ಅಂತ ಬಂದ್ರೆ ಡಬ್ಲ್ಯೂಗೆಟ್ (wget) ಸಾಕು, ಎರಡರಲ್ಲಿ ಯಾವುದಿದ್ರೂ ನಡೀತದೆ.

ಆಮೇಲೆ 'ಯುವಿ ಪೈಥಾನ್ ಇನ್‌ಸ್ಟಾಲ್ 3.11', ಪ್ರಾಜೆಕ್ಟ್ ಫೋಲ್ಡರಲ್ಲಿ ನಿಂತು 'ಯುವಿ ಪೈಥಾನ್ ಪಿನ್ 3.11'. ಲ್ಯಾಬಿನ 3.10 ಇದ್ದಲ್ಲೇ ಇರ್ತದೆ, ಅದನ್ನ ಯಾರೂ ಮುಟ್ಟಲ್ಲ.

ಪ್ರಶ್ನೆ: ಕುಮಟಾದಿಂದ. ಇನ್‌ಸ್ಟಾಲ್ ಸರಿ ಆಯ್ತು ಅಂತ ಬಂತು, ಆದ್ರೆ ಯುವಿ ಅಂತ ಹೊಡೆದ್ರೆ ಕಮಾಂಡ್ ನಾಟ್ ಫೌಂಡ್.

ಉತ್ತರ: ಟರ್ಮಿನಲ್ ಮುಚ್ಚಿ ಹೊಸದು ತೆರೀರಿ. ಹಳೇ ಟರ್ಮಿನಲ್ಲಿಗೆ ಹೊಸ ಪಾತ್ (ಕಮಾಂಡುಗಳನ್ನ ಹುಡುಕೋ ಫೋಲ್ಡರುಗಳ ಪಟ್ಟಿ) ಗೊತ್ತಿರಲ್ಲ.

ಪ್ರಶ್ನೆ: ನಮ್ಮನೆ ಸಿದ್ದಾಪುರದ ಒಳಗಡೆ, ಮಳೆಗಾಲದಲ್ಲಿ ಕರೆಂಟು ಹೋದ್ರೆ ಟವರ್ರೂ ಹೋಗ್ತದೆ. ನೆಟ್ ಇಲ್ದೇ ಯುವಿ ನಡೀತದಾ? ಡಿಸ್ಕ್ ಬೇರೆ ತುಂಬ್ತಾ ಬಂದಿದೆ.

ಉತ್ತರ: ನಡೀತದೆ, ಆದ್ರೆ ಬೇಕಾದ್ದನ್ನ ಮೊದಲೇ ತಂದಿಟ್ಟಿದ್ರೆ ಮಾತ್ರ. ಒಂದ್ಸಲ ಇಳಿಸಿದ ಪ್ಯಾಕೇಜನ್ನ ಯುವಿ ಹೋಮ್ ಫೋಲ್ಡರಿನ ಡಾಟ್ ಕ್ಯಾಶ್ (.cache) ಒಳಗೆ ಇಟ್ಕೊಂಡಿರ್ತದೆ, ಮಳೆಗಾಲಕ್ಕೆ ಸೌದೆ ಒಟ್ಟಿದ ಹಾಗೆ. ಕಾಲೇಜಲ್ಲೋ ಪೇಟೆಯಲ್ಲೋ ನೆಟ್ ಸಿಕ್ಕಾಗ ನಿಮ್ಮದೇ ಲ್ಯಾಪ್‌ಟಾಪಲ್ಲಿ ಪ್ರಾಜೆಕ್ಟ್ ತೆರೆದು 'ಯುವಿ ಸಿಂಕ್' ಕೊಟ್ಬಿಡಿ. ಮನೇಲಿ ಅದೇ ಕಮಾಂಡಿಗೆ ಎರಡು ಹೈಫನ್ ಹಾಕಿ 'ಆಫ್‌ಲೈನ್' ಸೇರಿಸಿದ್ರೆ ನೆಟ್ ಹುಡುಕ್ತಾ ಕೂರಲ್ಲ, ಕ್ಯಾಶಿಂದಲೇ ತಗೊಳ್ತದೆ. ಕ್ಯಾಶಲ್ಲಿ ಇಲ್ಲದ್ದನ್ನ ಕೇಳಿದ್ರೆ ಎರರ್ ಬಂದೇ ಬರ್ತದೆ.

ಡಿಸ್ಕಿಗೆ 'ಯುವಿ ಕ್ಯಾಶ್ ಪ್ರೂನ್' ಕೊಡಿ, ಉಪಯೋಗ ಇಲ್ಲದ್ದನ್ನ ಮಾತ್ರ ತೆಗೀತದೆ. 'ಯುವಿ ಕ್ಯಾಶ್ ಕ್ಲೀನ್' ಅಂತ ಇನ್ನೊಂದಿದೆ, ಅದು ಪೂರ್ತಿ ಗುಡಿಸಿ ಹಾಕ್ತದೆ, ಜೂನಿಂದ ಸೆಪ್ಟೆಂಬರ್ ತನಕ ನೀವು ಅದರ ಹತ್ರ ಹೋಗ್ಬೇಡಿ.